ಸೇಬಿನ ಸೈಡರ್ ಹುದುಗುವುದು ನಿಂತಂತೆ ಕಂಡಾಗ: ಕಾರಣ ಹುಡುಕುವ ಕ್ರಮ

ಮನೆಯಲ್ಲಿ ಸೈಡರ್ (ಸೇಬಿನ ರಸ ಹುದುಗಿಸಿ ಮಾಡುವ ಮದ್ಯ) ಮಾಡಲು ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಗುಳ್ಳೆ ಬರುವುದು ನಿಂತಿದೆ, ಈಗ ಏನು ಹಾಕಲಿ?’ ಕೇಳುವ ಹೊತ್ತಿಗೆ ಅನೇಕರು ಏನನ್ನೋ ಹಾಕಿಯೂ ಆಗಿರುತ್ತದೆ. ಒಬ್ಬರು ಎರಡನೆಯ ಪೊಟ್ಟಣದ ಯೀಸ್ಟ್ ಸುರಿದಿರುತ್ತಾರೆ, ಇನ್ನೊಬ್ಬರು ಸಕ್ಕರೆ ಸೇರಿಸಿರುತ್ತಾರೆ, ಮತ್ತೊಬ್ಬರು ಮುಚ್ಚಳ ತೆಗೆದು ಸೌಟಿನಿಂದ ಜೋರಾಗಿ ಕಲಕಿರುತ್ತಾರೆ. ಹೀಗೆ ಮೂರು ನಾಲ್ಕು ಮದ್ದು ಒಟ್ಟಿಗೆ ಬಿದ್ದ ಮೇಲೆ ರೋಗ ಯಾವುದಾಗಿತ್ತು ಎಂದು ಹೇಳುವುದು ಯಾರಿಗೂ ಸಾಧ್ಯವಿಲ್ಲ. ಅದಕ್ಕೂ ಹೆಚ್ಚು ಬೇಸರ ತರುವುದೆಂದರೆ, ಆ ಜಾಡಿಗಳಲ್ಲಿ ಬಹುಪಾಲಿಗೆ ರೋಗವೇ ಇರುವುದಿಲ್ಲ.

ಆದ್ದರಿಂದ ಇಲ್ಲಿ ನನ್ನ ಒತ್ತು ಕ್ರಮದ ಮೇಲೆ. ಮೊದಲು ಅಳತೆ, ಆಮೇಲೆ ಬಿಸಿ, ಆಮೇಲೆ ರಸ, ಯೀಸ್ಟ್, ಪೋಷಕಾಂಶ, ಹುಳಿ; ಇವು ಯಾವುವೂ ಫಲಿಸದಿದ್ದರೆ ಮಾತ್ರ ಹೊಸ ಯೀಸ್ಟಿನಿಂದ ಮರುಚಾಲನೆ. ಮೊದಲಿನ ಹಂತಗಳಿಗೆ ಖರ್ಚಿಲ್ಲ, ಅವುಗಳಿಂದ ಸೈಡರಿಗೆ ಹಾನಿಯೂ ಇಲ್ಲ. ಕೊನೆಯ ಹಂತಗಳಲ್ಲಿ ಹಾಕಿದ್ದನ್ನು ವಾಪಸು ತೆಗೆಯಲು ಬರುವುದಿಲ್ಲ. ಒಂದು ಹಂತಕ್ಕೂ ಇನ್ನೊಂದಕ್ಕೂ ನಡುವೆ ಕನಿಷ್ಠ ಎರಡು ಮೂರು ದಿನ ಬಿಡಿ.

ಕಾನೂನಿನ ಮಾತೊಂದನ್ನು ಮೊದಲೇ ಹೇಳಿಬಿಡಬೇಕು. ಬ್ರಿಟನ್ನಿನಲ್ಲಿ ಸ್ವಂತ ಬಳಕೆಗೆ, ಮಾರಾಟವಿಲ್ಲದೆ, ಮನೆಯಲ್ಲಿ ಸೈಡರ್ ಮಾಡಬಹುದು. ಅಮೆರಿಕದ ಕೇಂದ್ರ ಕಾನೂನು ಒಬ್ಬ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್ ವರೆಗೆ ಅವಕಾಶ ಕೊಡುತ್ತದೆ; ರಾಜ್ಯಗಳ ನಿಯಮವನ್ನು ಬೇರೆಯಾಗಿ ನೋಡಿಕೊಳ್ಳಬೇಕು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹೀಗಾಗಿ ಇದನ್ನು ಬರೆಯುತ್ತಿರುವುದು ಹೊರದೇಶಗಳಲ್ಲಿದ್ದು, ಅಕ್ಟೋಬರಿನಲ್ಲಿ ತೋಟಗಳಿಗೆ ಹೋಗಿ ಚೀಲಗಟ್ಟಲೆ ಸೇಬು ತಂದು ರಸ ಹಿಂಡುವ ಕನ್ನಡಿಗರಿಗಾಗಿ.

ಬೇಕಾಗುವ ಸಲಕರಣೆ

ಹೈಡ್ರೋಮೀಟರ್ (ದ್ರವದಲ್ಲಿ ತೇಲಿಬಿಟ್ಟು ಸಾಂದ್ರತೆ ಅಳೆಯುವ ಉಪಕರಣ) ಮತ್ತು ಅದು ತೇಲುವಷ್ಟು ಎತ್ತರದ ಕೊಳವೆ, ಥರ್ಮಾಮೀಟರ್, ಸೈಫನ್ ಕೊಳವೆ, 0.1 ಗ್ರಾಂ ವರೆಗೆ ತೋರಿಸುವ ಚಿಕ್ಕ ತಕ್ಕಡಿ, ಹುಳಿ ಅಳೆಯುವ ಪಿಎಚ್ ಪಟ್ಟಿ ಅಥವಾ ಮೀಟರ್, ಸೋಂಕುನಿವಾರಕ, ಒಂದು ನೋಟ್‌ಬುಕ್. ಇವುಗಳಲ್ಲಿ ಹೈಡ್ರೋಮೀಟರ್ ಇಲ್ಲದಿದ್ದರೆ ಮುಂದಿನ ಯಾವ ಹಂತಕ್ಕೂ ಅರ್ಥವಿಲ್ಲ. ಬೆಳಕಿನ ಬಾಗುವಿಕೆಯಿಂದ ಸಕ್ಕರೆ ಅಳೆಯುವ ರಿಫ್ರ್ಯಾಕ್ಟೋಮೀಟರ್ ಇದೆ ಎನ್ನುವವರು ಗಮನಿಸಿ: ಅದು ತಾಜಾ ರಸಕ್ಕೆ ಸರಿ, ಮದ್ಯಸಾರ ಹುಟ್ಟಿದ ಮೇಲೆ ಅದರ ಓದನ್ನು ತಿದ್ದುಪಡಿಯಿಲ್ಲದೆ ನಂಬಬಾರದು, ಸಕ್ಕರೆ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ.

ಸೋಂಕುನಿವಾರಕ ಕ್ಲೋರಿನ್ ಆಧಾರಿತವಾಗಿದ್ದರೆ ಪಾತ್ರೆಯನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಲೇಬೇಕು. ಉಳಿದ ಕ್ಲೋರಿನ್ ಯೀಸ್ಟನ್ನೂ ಕೊಲ್ಲುತ್ತದೆ.

ಇಲ್ಲಿನ ಅಳತೆಗಳೆಲ್ಲ 5 ಲೀಟರ್ ರಸಕ್ಕೆ ಸಂಬಂಧಿಸಿದವು. ನಿಮ್ಮ ಜಾಡಿಗೆ ತಕ್ಕಂತೆ ಲೆಕ್ಕ ಹಾಕಿಕೊಳ್ಳಿ.

ಹಂತ 1: ಏನನ್ನೂ ಹಾಕದೆ ಸಾಂದ್ರತೆ ಅಳೆಯಿರಿ

ಏರ್‌ಲಾಕಿನ (ಒಳಗಿನ ಅನಿಲವನ್ನು ಹೊರಬಿಟ್ಟು ಹೊರಗಾಳಿಯನ್ನು ತಡೆಯುವ, ಮುಚ್ಚಳಕ್ಕೆ ಸಿಕ್ಕಿಸುವ ನೀರಿನ ಕೊಳವೆ) ಗುಳ್ಳೆಯನ್ನು ಹುದುಗುವಿಕೆಯ ಅಳತೆಗೋಲು ಮಾಡಿಕೊಂಡಿರುವುದೇ ಅರ್ಧಕ್ಕರ್ಧ ಗೊಂದಲಕ್ಕೆ ಕಾರಣ. ಪ್ಲಾಸ್ಟಿಕ್ ಬಕೆಟಿನ ಮುಚ್ಚಳ ಒಂದಿಷ್ಟು ಸಡಿಲವಾಗಿದ್ದರೆ ಅನಿಲ ಅಂಚಿನಿಂದಲೇ ಹೊರಟುಹೋಗುತ್ತದೆ. ಒಳಗೆ ಯೀಸ್ಟ್ ಭರದಿಂದ ಕೆಲಸ ಮಾಡುತ್ತಿದ್ದರೂ ಏರ್‌ಲಾಕ್ ಅಲುಗುವುದಿಲ್ಲ. ಇದರ ವಿರುದ್ಧವೂ ಆಗುತ್ತದೆ. ಕೋಣೆ ಬಿಸಿಯಾದಾಗ ಅಥವಾ ವಾಯುಭಾರ ಇಳಿದಾಗ ರಸದಲ್ಲಿ ಕರಗಿದ್ದ ಅನಿಲ ಹೊರಬಂದು, ಹುದುಗುವಿಕೆ ಮುಗಿದ ಜಾಡಿಯೂ ಗುಳ್ಳೆ ಬಿಡುತ್ತದೆ.

ಸೋಂಕುನಿವಾರಕದಲ್ಲಿ ಅದ್ದಿದ ಸೈಫನ್‌ನಿಂದ ಕೊಳವೆ ತುಂಬುವಷ್ಟು ಸೈಡರ್ ತೆಗೆಯಿರಿ. ಹುದುಗುತ್ತಿರುವ ದ್ರವದಲ್ಲಿ ಗುಳ್ಳೆಗಳು ಹೈಡ್ರೋಮೀಟರಿಗೆ ಅಂಟಿಕೊಂಡು ಅದನ್ನು ಮೇಲಕ್ಕೆತ್ತುತ್ತವೆ. ಮೊದಲು ಮಾದರಿಯನ್ನು ಬೇರೊಂದು ಲೋಟಕ್ಕೆ ನಾಲ್ಕಾರು ಬಾರಿ ಸುರಿದು ಅನಿಲ ಬಿಡಿಸಿ. ಹೈಡ್ರೋಮೀಟರನ್ನು ತೇಲಿಬಿಟ್ಟು, ಎರಡು ಬೆರಳುಗಳಲ್ಲಿ ಒಮ್ಮೆ ತಿರುಗಿಸಿ, ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಓದಿ. ಈಗಿನ ಬಹುತೇಕ ಹೈಡ್ರೋಮೀಟರ್‌ಗಳು 20 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದವು, ಹಳೆಯವು 15.5 ಡಿಗ್ರಿಯವು ಇರಬಹುದು. ದ್ರವ 10 ಡಿಗ್ರಿ ತಣ್ಣಗಿದ್ದರೆ ಓದು ಸುಮಾರು 0.002ರಷ್ಟು ಹೆಚ್ಚಾಗಿ ಕಾಣುತ್ತದೆ. ಉಪಕರಣದ ಮೇಲೆ ಅನುಮಾನವಿದ್ದರೆ ಅದರ ಮೇಲೆ ನಮೂದಿಸಿದ ತಾಪಮಾನದ ಶುದ್ಧ ನೀರಿನಲ್ಲಿ ತೇಲಿಬಿಡಿ, 1.000 ತೋರಿಸಬೇಕು. ಮಾದರಿಯನ್ನು ಜಾಡಿಗೆ ಮರಳಿ ಸುರಿಯಬೇಡಿ. ರುಚಿ ನೋಡಿ, ಅದೂ ಒಂದು ಮಾಹಿತಿ.

ದಿನಾಂಕ, ತಾಪಮಾನ, ಓದು ಮೂರನ್ನೂ ಬರೆದಿಡಿ. ನಾಲ್ಕು ದಿನ ಬಿಟ್ಟು ಇದನ್ನೇ ಮತ್ತೆ ಮಾಡಿ. ಒಂದೇ ಓದಿನಿಂದ ‘ನಿಂತಿದೆ’ ಎಂಬ ತೀರ್ಮಾನಕ್ಕೆ ಬರಲು ಆಗುವುದಿಲ್ಲ. ದಿನವೂ ಮುಚ್ಚಳ ತೆಗೆದು ಅಳೆಯುವವರಿದ್ದಾರೆ. ಅದು ಬೇಡ, ಪ್ರತಿ ಬಾರಿಯೂ ಗಾಳಿ ಒಳಗೆ ಹೋಗುತ್ತದೆ.

ಹಂತ 2: ಸಂಖ್ಯೆ ಏನು ಹೇಳುತ್ತದೆ?

ನೀರಿನ ಓದು 1.000. ರಸದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಓದು ಮೇಲಿರುತ್ತದೆ, ಯೀಸ್ಟ್ ಅದನ್ನು ಮದ್ಯಸಾರವಾಗಿಸಿದಂತೆ ಇಳಿಯುತ್ತದೆ. ತಾಜಾ ಸೇಬಿನ ರಸದ ಸಾಂದ್ರತೆ ಸಾಮಾನ್ಯವಾಗಿ 1.045ರಿಂದ 1.060ರ ನಡುವೆ ಇರುತ್ತದೆ. ಪೂರ್ತಿ ಹುದುಗಿದ ಸೈಡರ್ 1.005ರಿಂದ ಕೆಳಗೆ ಬರುತ್ತದೆ. ಬಹಳಷ್ಟು ಸಲ 1.000ಕ್ಕಿಂತಲೂ ಇಳಿದು 0.998ಕ್ಕೆ ನಿಲ್ಲುತ್ತದೆ. ಮದ್ಯಸಾರದ ಪ್ರಮಾಣ ಬೇಕಿದ್ದರೆ ಆರಂಭದ ಓದಿನಿಂದ ಈಗಿನ ಓದನ್ನು ಕಳೆದು 131ರಿಂದ ಗುಣಿಸಿ. 1.050ರಿಂದ 1.010ಕ್ಕೆ ಇಳಿದಿದ್ದರೆ ಸುಮಾರು ಶೇ 5.2.

ಎರಡು ಓದುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ಜಾಡಿ ಈ ನಾಲ್ಕರಲ್ಲಿ ಒಂದಾಗಿರುತ್ತದೆ.

ಓದು 1.002ರ ಕೆಳಗಿದ್ದರೆ ಅದು ಮುಗಿದಿದೆ. ಮಾಡುವುದೇನೂ ಇಲ್ಲ, ಈ ಬರಹದ ಕೊನೆಯ ಹಂತಕ್ಕೆ ಹೋಗಿ. ಸೇಬಿಗೆ ಪೇರ್ ಹಣ್ಣಿನ ರಸ ಬೆರೆಸಿದವರಿಗೆ ಒಂದು ವಿನಾಯಿತಿ ಇದೆ. ಪೇರ್‌ನಲ್ಲಿ ಸಾರ್ಬಿಟಾಲ್ ಎಂಬ, ಯೀಸ್ಟ್ ತಿನ್ನಲಾಗದ ಸಿಹಿ ಪದಾರ್ಥ ಹೆಚ್ಚಿರುವುದರಿಂದ ಅಂತಿಮ ಓದು ಸ್ವಲ್ಪ ಮೇಲೆಯೇ ನಿಲ್ಲಬಹುದು.

ನಾಲ್ಕು ದಿನದಲ್ಲಿ 0.002 ಅಥವಾ ಹೆಚ್ಚು ಇಳಿದಿದ್ದರೆ ಅದು ನಿಧಾನ, ಅಷ್ಟೇ. ಇಂಗ್ಲೆಂಡಿನ ಪಶ್ಚಿಮ ಭಾಗದ ತೋಟಗಳಲ್ಲಿ ಶರತ್ಕಾಲದಲ್ಲಿ ಹಿಂಡಿದ ರಸ ಚಳಿಗಾಲವಿಡೀ ಹುದುಗಿ ವಸಂತಕ್ಕೆ ಸಿದ್ಧವಾಗುವುದುಂಟು. ಫ್ರಾನ್ಸಿನ ನಾರ್ಮಂಡಿ, ಬ್ರಿಟನಿಯಲ್ಲಿ ರಸದಿಂದ ಪೋಷಕಾಂಶವನ್ನು ಬೇಕೆಂದೇ ಕಡಿಮೆ ಮಾಡಿ, ಹುದುಗುವಿಕೆಯನ್ನು ನಿಧಾನಗೊಳಿಸಿ, ಸಿಹಿ ಉಳಿಸಿಕೊಳ್ಳುತ್ತಾರೆ. ನಿಧಾನವಾಗಿ ಹುದುಗಿದ ಸೈಡರಿನಲ್ಲಿ ಸೇಬಿನ ಘಮ ಹೆಚ್ಚು ಉಳಿಯುತ್ತದೆ. ವಾಸನೆ ಶುದ್ಧವಾಗಿದ್ದು ಓದು ಇಳಿಯುತ್ತಿದ್ದರೆ ನನ್ನ ಸಲಹೆ ಒಂದೇ: ಬಿಟ್ಟುಬಿಡಿ.

ಯೀಸ್ಟ್ ಹಾಕಿ ಮೂರು ದಿನವಾದರೂ ಆರಂಭದ ಓದು ಕದಲದಿದ್ದರೆ ಹುದುಗುವಿಕೆ ಶುರುವೇ ಆಗಿಲ್ಲ. ಹಂತ 3, 4, 5 ನಿಮಗಾಗಿ. ಯೀಸ್ಟ್ ಹಾಕದೆ ಹಣ್ಣಿನ ಮೇಲಿನ ಸಹಜ ಯೀಸ್ಟನ್ನೇ ನೆಚ್ಚಿದ್ದರೆ ಒಂದು ವಾರವಾದರೂ ಕಾಯಿರಿ.

ಶುರುವಾಗಿ, 1.030ಕ್ಕೋ 1.020ಕ್ಕೋ ಬಂದು, ಅಲ್ಲೇ ಎರಡು ಓದುಗಳಲ್ಲೂ ನಿಂತಿದ್ದರೆ ಅದು ನಿಜಕ್ಕೂ ಸಿಕ್ಕಿಕೊಂಡಿದೆ. ಹಂತ 3ರಿಂದ ಎಲ್ಲವನ್ನೂ ಸಾಲಾಗಿ ನೋಡಬೇಕು.

1.010ರ ಕೆಳಗೆ ವೇಗ ಕುಸಿಯುವುದನ್ನು ಕಂಡು ಹೆದರುವವರು ತುಂಬ. ಸೇಬಿನ ರಸದಲ್ಲಿ ಗ್ಲೂಕೋಸಿಗಿಂತ ಫ್ರಕ್ಟೋಸ್ ಹೆಚ್ಚು. ಯೀಸ್ಟಿಗೆ ಗ್ಲೂಕೋಸ್ ಇಷ್ಟ, ಅದನ್ನು ಮೊದಲು ಮುಗಿಸುತ್ತದೆ. ಕೊನೆಗೆ ಉಳಿಯುವುದು ಹೆಚ್ಚಾಗಿ ಫ್ರಕ್ಟೋಸ್. ಆ ಹೊತ್ತಿಗೆ ಸುತ್ತ ಮದ್ಯಸಾರವೂ ತುಂಬಿರುತ್ತದೆ. ಹೀಗಾಗಿ ಕೊನೆಯ ಹತ್ತು ಅಂಕ (ಒಂದು ಅಂಕ ಎಂದರೆ 0.001) ಇಳಿಯಲು ಮೊದಲಿನ ನಲವತ್ತು ಅಂಕಕ್ಕಿಂತ ಹೆಚ್ಚು ದಿನ ಹಿಡಿಯುವುದು ಸಹಜ.

ಹಂತ 3: ಬಿಸಿ ಸರಿಪಡಿಸಿ

ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬದಿದ್ದರೆ ನಮ್ಮ ಮನೆಗಳಲ್ಲಿ ಯಾರೂ ಹಿಟ್ಟನ್ನು ಬೈಯುವುದಿಲ್ಲ, ಪಾತ್ರೆಗೆ ಕಂಬಳಿ ಸುತ್ತುತ್ತಾರೆ. ಸೈಡರಿಗೂ ಮೊದಲ ಮದ್ದು ಅದೇ. ಅಕ್ಟೋಬರ್, ನವೆಂಬರಿನಲ್ಲಿ ಗ್ಯಾರೇಜಿನಲ್ಲೋ ಮೆಟ್ಟಿಲ ಕೆಳಗೋ ಇಟ್ಟ ಜಾಡಿ ರಾತ್ರಿ 8–10 ಡಿಗ್ರಿಗೆ ಇಳಿದಿರುತ್ತದೆ. ಹಗಲು ಹೊತ್ತು ಕೋಣೆಯ ಥರ್ಮೋಸ್ಟಾಟ್ ನೋಡಿದವರಿಗೆ ಇದು ತಿಳಿಯುವುದೇ ಇಲ್ಲ. ಅಳೆಯಬೇಕಾದದ್ದು ಗಾಳಿಯನ್ನಲ್ಲ, ದ್ರವವನ್ನು. ಬೆಳಗಿನ ಜಾವ ಒಮ್ಮೆ, ಸಂಜೆ ಒಮ್ಮೆ ಅಳೆಯಿರಿ. ಜಾಡಿಯ ಹೊರಮೈಗೆ ಅಂಟಿಸುವ ಥರ್ಮಾಮೀಟರ್ ಪಟ್ಟಿ ಇದಕ್ಕೆ ಅನುಕೂಲ.

ಹೆಚ್ಚಿನ ಸೈಡರ್ ಯೀಸ್ಟ್ ಮತ್ತು ಏಲ್ (ಒಂದು ಬಗೆಯ ಬಿಯರ್) ಯೀಸ್ಟ್‌ಗಳಿಗೆ 15ರಿಂದ 20 ಡಿಗ್ರಿ ಹದವಾದದ್ದು. ಷಾಂಪೇನ್ ಯೀಸ್ಟ್ ಎಂದು ಮಾರುವ ಲಾಲ್ವಿನ್ ಇಸಿ-1118 ತಳಿ 10 ಡಿಗ್ರಿಯಲ್ಲೂ ಕೆಲಸ ಮಾಡುತ್ತದೆ, ಆದರೆ ತೀರಾ ನಿಧಾನವಾಗಿ. ಪೊಟ್ಟಣದ ಮೇಲಿನ ಕೆಳಮಿತಿಯನ್ನು ಓದಿ, ಅದಕ್ಕಿಂತ ನಾಲ್ಕೈದು ಡಿಗ್ರಿ ಮೇಲೆ ಇರಿಸಿ.

ಜಾಡಿಯನ್ನು ಮನೆಯೊಳಗಿನ ಗೋಡೆಯ ಬಳಿ, ನೆಲದಿಂದ ಎತ್ತರಕ್ಕೆ, ಮರದ ಹಲಗೆಯ ಮೇಲೆ ಇಡಿ. ಹಳೆಯ ಸ್ವೆಟರ್ ಅಥವಾ ಕಂಬಳಿ ಸುತ್ತಿ. ಇಷ್ಟು ಸಾಲದಿದ್ದರೆ ಹುದುಗು ಜಾಡಿಗಳಿಗೆಂದೇ ಮಾರುವ ವಿದ್ಯುತ್ ಬೆಲ್ಟ್ ಇದೆ. ದಿನಕ್ಕೆ ಎರಡು ಮೂರು ಡಿಗ್ರಿಯಷ್ಟೇ ಏರಿಸಿ. ರೇಡಿಯೇಟರಿಗೆ ಒತ್ತಿ ಇಡುವುದು ಎಲ್ಲರೂ ಮಾಡುವ ತಪ್ಪು: ಹಗಲು 28 ಡಿಗ್ರಿ, ಹೀಟಿಂಗ್ ಆರಿದ ಮೇಲೆ ರಾತ್ರಿ 12. ಯೀಸ್ಟಿಗೆ ಸಮನಾದ ಚಳಿಗಿಂತ ಈ ಏರಿಳಿತ ಹೆಚ್ಚು ಕಷ್ಟ.

ಬಿಸಿ ಏರಿದ ಮೇಲೆ ಜಾಡಿಯನ್ನು ಮುಚ್ಚಳ ತೆಗೆಯದೆ, ಏರ್‌ಲಾಕ್ ಸಹಿತ, ಮೆಲ್ಲಗೆ ವೃತ್ತಾಕಾರವಾಗಿ ತಿರುಗಿಸಿ. ತಳಕ್ಕೆ ಕೂತ ಗಷ್ಟಿನಲ್ಲಿ ಜೀವಂತ ಯೀಸ್ಟ್ ಬೇಕಾದಷ್ಟು ಇರುತ್ತದೆ. ಅದು ಮತ್ತೆ ರಸದಲ್ಲಿ ತೇಲಿದರೆ ಸಾಕು. ದಿನಕ್ಕೊಮ್ಮೆ, ಮೂರು ದಿನ. ಮುಚ್ಚಳ ತೆಗೆದು ಸೌಟು ಆಡಿಸುವುದು ಬೇರೆ ಮಾತು, ಅದರಿಂದ ಗಾಳಿ ಸೇರಿ ಸೈಡರ್ ಕಂದುಬಣ್ಣಕ್ಕೆ ತಿರುಗುತ್ತದೆ, ವಿನೆಗರ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಬಾಗಿಲು ತೆರೆದಂತಾಗುತ್ತದೆ. ಐದು ದಿನ ಬಿಟ್ಟು ಅಳೆಯಿರಿ. ಸಿಕ್ಕಿಕೊಂಡ ಜಾಡಿಗಳಲ್ಲಿ ಬಹಳಷ್ಟು ಇಲ್ಲಿಗೇ ಸರಿಹೋಗುತ್ತವೆ.

ಗಷ್ಟು ಕಂಡ ತಕ್ಷಣ ಸೈಡರನ್ನು ಬೇರೆ ಜಾಡಿಗೆ ವರ್ಗಾಯಿಸುವ ಅವಸರವೂ ಬೇಡ. 1.020ರ ಮೇಲಿರುವಾಗಲೇ ವರ್ಗಾಯಿಸಿದರೆ ಕೆಲಸಗಾರರಲ್ಲಿ ಹೆಚ್ಚಿನವರನ್ನು ಹಳೆಯ ಜಾಡಿಯಲ್ಲಿ ಬಿಟ್ಟು ಬಂದಂತಾಗುತ್ತದೆ.

ಹಂತ 4: ರಸದ ಲೇಬಲ್ ಓದಿ

ಹುದುಗುವಿಕೆ ಶುರುವೇ ಆಗದಿದ್ದರೆ, ಅಂಗಡಿಯ ರಸ ಬಳಸಿದ್ದರೆ, ಮೊದಲ ಅನುಮಾನ ಸಂರಕ್ಷಕದ ಮೇಲೆ ಇರಲಿ. ಲೇಬಲ್‌ನಲ್ಲಿ ಪೊಟ್ಯಾಸಿಯಂ ಸಾರ್ಬೇಟ್ (ಇ202) ಅಥವಾ ಸೋಡಿಯಂ ಬೆಂಜೋಯೇಟ್ (ಇ211) ಎಂದಿದ್ದರೆ ಆ ರಸದಲ್ಲಿ ಯೀಸ್ಟ್ ಬೆಳೆಯದಂತೆ ತಡೆಯಲೆಂದೇ ಅವನ್ನು ಹಾಕಲಾಗಿದೆ. ಅವನ್ನು ಮನೆಯಲ್ಲಿ ತೆಗೆಯುವ ದಾರಿ ಇಲ್ಲ. ಕುದಿಸಿದರೂ ಹೋಗುವುದಿಲ್ಲ. ಇನ್ನಷ್ಟು ಯೀಸ್ಟ್ ಸುರಿದು ದುಡ್ಡು ಕಳೆಯದೆ ಬೇರೆ ರಸ ತನ್ನಿ. ಆಸ್ಕಾರ್ಬಿಕ್ ಆಮ್ಲ (ಇ300) ಎಂದರೆ ವಿಟಮಿನ್ ಸಿ, ಅದರಿಂದ ತೊಂದರೆಯಿಲ್ಲ. ಪಾಶ್ಚರೀಕರಿಸಿದ ರಸವೂ ಆಗುತ್ತದೆ.

ಲೇಬಲ್ ಕಳೆದುಹೋಗಿದ್ದರೆ ಎರಡು ಲೋಟಗಳ ಪರೀಕ್ಷೆ ಮಾಡಿ. ಒಂದರಲ್ಲಿ 200 ಮಿಲಿ ಲೀಟರ್ ಅನುಮಾನದ ರಸ, ಇನ್ನೊಂದರಲ್ಲಿ ಅಷ್ಟೇ ನೀರಿಗೆ ಎರಡು ಚಮಚ ಸಕ್ಕರೆ. ಎರಡಕ್ಕೂ ಬ್ರೆಡ್ ಮಾಡುವ ಯೀಸ್ಟ್ ಒಂದೊಂದು ಚಿಟಿಕೆ ಹಾಕಿ, ಬೆಚ್ಚಗಿನ ಜಾಗದಲ್ಲಿ ಒಂದು ದಿನ ಇಡಿ. ಸಕ್ಕರೆ ನೀರು ಗುಳ್ಳೆ ಬಿಟ್ಟು, ರಸ ಸುಮ್ಮನಿದ್ದರೆ ತಪ್ಪು ರಸದ್ದು. ಎರಡೂ ಗುಳ್ಳೆ ಬಿಟ್ಟರೆ ರಸ ನಿರಪರಾಧಿ, ಹಂತ 5ಕ್ಕೆ ಹೋಗಿ.

ತೋಟದ ಸೇಬು ಹಿಂಡಿದವರ ಸಮಸ್ಯೆ ಬೇರೆ. ಕಾಡು ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳನ್ನು ಅಡಗಿಸಲು ಅವರು ಕ್ಯಾಂಪ್ಡೆನ್ ಮಾತ್ರೆ ಹಾಕಿರುತ್ತಾರೆ. ಒಂದು ಮಾತ್ರೆ ಸುಮಾರು 4.5 ಲೀಟರಿಗೆ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಭಾಗ) ಸಲ್ಫೈಟ್ ಕೊಡುತ್ತದೆ. ಹಾಕಿದ ಮೇಲೆ 24 ಗಂಟೆ ಕಾಯದೆ ಯೀಸ್ಟ್ ಹಾಕಿದ್ದರೆ ಆ ಯೀಸ್ಟ್ ಸತ್ತಿರಬಹುದು ಅಥವಾ ಮಂಕಾಗಿರಬಹುದು. ‘ಇರಲಿ’ ಎಂದು ನಾಲ್ಕೈದು ಮಾತ್ರೆ ಹಾಕಿದ್ದರೆ ರಸವನ್ನು ಶುದ್ಧ ಬಕೆಟಿಗೆ ಎತ್ತರದಿಂದ ಸುರಿದು, ಬಟ್ಟೆ ಮುಚ್ಚಿ ಎರಡು ದಿನ ಬಿಟ್ಟು, ಹೊಸ ಯೀಸ್ಟ್ ಹಾಕಿ. ಹುದುಗುವಿಕೆ ಶುರುವಾಗುವ ಮುನ್ನ ರಸಕ್ಕೆ ಗಾಳಿ ಸೇರುವುದು ಒಳ್ಳೆಯದೇ. ಯೀಸ್ಟಿಗೆ ತನ್ನ ಜೀವಕೋಶದ ಪೊರೆ ಕಟ್ಟಿಕೊಳ್ಳಲು ಆಮ್ಲಜನಕ ಬೇಕು. ಶುರುವಾದ ಮೇಲೆ ಅದೇ ಗಾಳಿ ಶತ್ರು.

ಹಂತ 5: ಯೀಸ್ಟ್ ಜೀವಂತವಾಗಿತ್ತೇ?

ಪೊಟ್ಟಣದ ದಿನಾಂಕ ನೋಡಿ. ಅದನ್ನು ಅಡುಗೆಮನೆಯ ಒಲೆಯ ಪಕ್ಕದ ಕಪಾಟಿನಲ್ಲಿ ವರ್ಷಗಟ್ಟಲೆ ಇಟ್ಟಿದ್ದರೆ ದಿನಾಂಕ ಸರಿಯಿದ್ದರೂ ಭರವಸೆಯಿಲ್ಲ. ಫ್ರಿಜ್‌ನಿಂದ ಬಂದ 5 ಡಿಗ್ರಿಯ ರಸಕ್ಕೆ ಒಣ ಯೀಸ್ಟನ್ನು ನೇರವಾಗಿ ಉದುರಿಸುವುದು, ಹೊಗೆಯಾಡುವ ನೀರಿನಲ್ಲಿ ಕರಗಿಸುವುದು, ಎರಡರಲ್ಲೂ ಯೀಸ್ಟಿನ ಬಹುಭಾಗ ಸಾಯುತ್ತದೆ.

ಸರಿಯಾದ ವಿಧಾನ ಹೀಗೆ. ಕುದಿಸಿ ಆರಿಸಿದ 50 ಮಿಲಿ ಲೀಟರ್ ನೀರು, 35ರಿಂದ 40 ಡಿಗ್ರಿ. ಬೆರಳಿಗೆ ಬೆಚ್ಚಗೆನಿಸಬೇಕು, ಸುಡಬಾರದು. ಅದರ ಮೇಲೆ 5 ಗ್ರಾಂ ಯೀಸ್ಟ್ ಉದುರಿಸಿ, 15 ನಿಮಿಷ ಬಿಟ್ಟು, ನಿಧಾನವಾಗಿ ಕಲಸಿ. ಆಮೇಲೆ ಜಾಡಿಯ ರಸವನ್ನು ಒಂದೊಂದು ಚಮಚದಂತೆ ಸೇರಿಸುತ್ತಾ ಎರಡರ ತಾಪಮಾನದ ಅಂತರವನ್ನು 10 ಡಿಗ್ರಿಯ ಒಳಗೆ ತನ್ನಿ. ಯೀಸ್ಟ್ ನೆನೆದ ಅರ್ಧ ಗಂಟೆಯೊಳಗೆ ಎಲ್ಲವನ್ನೂ ರಸಕ್ಕೆ ಸುರಿಯಿರಿ. ಇದು ಶುರುವೇ ಆಗದ ಜಾಡಿಗೆ ಮಾತ್ರ. ಅರ್ಧ ಹುದುಗಿ ನಿಂತ ಜಾಡಿಗೆ ಹೀಗೆ ಸುರಿದರೆ ಮದ್ಯಸಾರದ ಆಘಾತಕ್ಕೆ ಹೊಸ ಯೀಸ್ಟ್ ಸೋಲುತ್ತದೆ. ಅದಕ್ಕೆ ಹಂತ 8 ಇದೆ.

ಹಂತ 6: ಪೋಷಕಾಂಶ

ಸೇಬಿನ ರಸದಲ್ಲಿ ಸಕ್ಕರೆಗೆ ಕೊರತೆಯಿಲ್ಲ, ಸಾರಜನಕಕ್ಕೆ ಕೊರತೆ. ಯೀಸ್ಟ್ ಬಳಸಬಲ್ಲ ಸಾರಜನಕ ಲೀಟರಿಗೆ 140 ಮಿಲಿಗ್ರಾಂ ಆಸುಪಾಸು ಇದ್ದರೆ ಹುದುಗುವಿಕೆ ನೆಮ್ಮದಿಯಾಗಿ ಮುಗಿಯುತ್ತದೆ. ಸೇಬಿನ ರಸದಲ್ಲಿ ಅದು 100ಕ್ಕಿಂತ ಕಡಿಮೆ ಇರುವುದು ಸಾಮಾನ್ಯ. ಗೊಬ್ಬರ ಕಾಣದ ಹಳೆಯ ಮರಗಳ ಹಣ್ಣಿನಲ್ಲಂತೂ ಇನ್ನೂ ಕಡಿಮೆ. ನಿಧಾನವಾಗುವುದರ ಜೊತೆಗೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಯೀಸ್ಟ್ ಹಸಿದಿದೆ ಎಂದು ತಿಳಿಯಿರಿ. ಸಾರಜನಕ ಸಿಗದಾಗ ಅದು ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತದೆ.

ಯಾವಾಗ ಕೊಡಬೇಕು ಎಂಬುದು ಎಷ್ಟು ಕೊಡಬೇಕು ಎಂಬುದಕ್ಕಿಂತ ಮುಖ್ಯ. ಸಕ್ಕರೆಯ ಮೂರನೆಯ ಒಂದು ಭಾಗ ಮುಗಿಯುವ ಹೊತ್ತಿಗೆ, ಅಂದರೆ 1.050ರಿಂದ ಹೊರಟ ರಸ 1.035ಕ್ಕೆ ಬರುವ ಮೊದಲು, ಕೊಟ್ಟು ಮುಗಿಸುವುದು ಉತ್ತಮ. ಅರ್ಧ ದಾಟಿದ ಮೇಲೆ ಡಿಎಪಿ ಎಂಬ ಸಾರಜನಕದ ಪೋಷಕವನ್ನು ಹಾಕಬೇಡಿ. ಆಗ ಯೀಸ್ಟ್ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಉಳಿದದ್ದು ಕೆಡಿಸುವ ಸೂಕ್ಷ್ಮಜೀವಿಗಳಿಗೆ ಊಟವಾಗುತ್ತದೆ.

ಡಿಎಪಿ ಎಂದರೆ ಡೈಅಮೋನಿಯಂ ಫಾಸ್ಫೇಟ್. ನಮ್ಮ ಊರುಗಳಲ್ಲಿ ಈ ಹೆಸರು ಕೇಳದ ರೈತರಿಲ್ಲ, ಹಾಗಾಗಿಯೇ ಈ ಎಚ್ಚರಿಕೆ: ಗೊಬ್ಬರದ ಚೀಲದ ಡಿಎಪಿಯನ್ನು ಎಂದೂ ಬಳಸಬೇಡಿ. ಅದರಲ್ಲಿ ಆಹಾರಕ್ಕೆ ಸಲ್ಲದ ಕಲ್ಮಶಗಳಿರುತ್ತವೆ. ಮದ್ಯ ತಯಾರಿಕೆಯ ಅಂಗಡಿಯಲ್ಲಿ ಸಿಗುವ ಆಹಾರ ದರ್ಜೆಯದೇ ಆಗಬೇಕು. ಯೂರಿಯಾ ಕೂಡ ನಿಷಿದ್ಧ. ಅದು ಮದ್ಯಸಾರದೊಂದಿಗೆ ಸೇರಿ ಈಥೈಲ್ ಕಾರ್ಬಮೇಟ್ ಎಂಬ ಅಪಾಯಕಾರಿ ವಸ್ತುವಾಗುತ್ತದೆ.

ಆರಂಭದ ಹಂತದಲ್ಲಿರುವ 5 ಲೀಟರಿಗೆ 2.5 ಗ್ರಾಂ ಡಿಎಪಿ ಸಾಕು. ಇದು ಲೀಟರಿಗೆ ಸುಮಾರು 105 ಮಿಲಿಗ್ರಾಂ ಸಾರಜನಕ ಕೊಡುತ್ತದೆ. ಯೀಸ್ಟಿನಿಂದಲೇ ತಯಾರಿಸಿದ ಫರ್ಮೇಯ್ಡ್-ಓ ತರಹದ ಪೋಷಕವಾದರೆ 2 ಗ್ರಾಂ. ನನಗೆ ಎರಡನೆಯದರ ಮೇಲೆ ಹೆಚ್ಚು ಒಲವು. ಅದರಲ್ಲಿ ಅಮೈನೋ ಆಮ್ಲ, ವಿಟಮಿನ್‌ಗಳೂ ಇರುತ್ತವೆ, ಕೊಂಚ ತಡವಾಗಿ ಹಾಕಿದರೂ ಡಿಎಪಿಯಷ್ಟು ಅಪಾಯವಿಲ್ಲ. ಅಂಗಡಿ ದೂರವಿದ್ದರೆ ಒಂದು ಚಮಚ ಬ್ರೆಡ್ ಯೀಸ್ಟನ್ನು ಅರ್ಧ ಲೋಟ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಪೂರ್ತಿ ಆರಿಸಿ ಹಾಕಿ. ಸತ್ತ ಯೀಸ್ಟ್ ಬದುಕಿರುವ ಯೀಸ್ಟಿಗೆ ಒಳ್ಳೆಯ ಆಹಾರ. ಒಂದು ಹಿಡಿ ಒಣದ್ರಾಕ್ಷಿ ಹಾಕಿದರೆ ಸಾಕು ಎಂಬ ಮಾತು ಎಲ್ಲ ಕಡೆ ಓಡಾಡುತ್ತಿದೆ. ದ್ರಾಕ್ಷಿಯಿಂದ ಬರುವುದು ಮುಖ್ಯವಾಗಿ ಸಕ್ಕರೆ, ಸಾರಜನಕ ಅತ್ಯಲ್ಪ.

ಯಾವುದೇ ಪುಡಿಯನ್ನು ಹುದುಗುತ್ತಿರುವ ಜಾಡಿಗೆ ನೇರವಾಗಿ ಹಾಕಬೇಡಿ. ಕರಗಿದ ಅನಿಲವೆಲ್ಲ ಒಮ್ಮೆಲೇ ಎದ್ದು ನೊರೆ ಚಾವಣಿಗೆ ಚಿಮ್ಮುತ್ತದೆ. ಮೊದಲು ಜಾಡಿಯನ್ನು ಮೆಲ್ಲಗೆ ತಿರುಗಿಸಿ ಅನಿಲ ಬಿಡಿಸಿ, ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಸ್ವಲ್ಪಸ್ವಲ್ಪವಾಗಿ ಸುರಿಯಿರಿ.

ಹಂತ 7: ಹುಳಿ ಮತ್ತು ಅತಿಯಾದ ಸಕ್ಕರೆ

ಅಂಗಡಿಯ ರಸ ಬಳಸಿದವರು ಪಿಎಚ್ (ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು) ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಬ್ರ್ಯಾಮ್ಲಿಯಂಥ ಅಡುಗೆ ಸೇಬನ್ನೋ ಕಾಡುಸೇಬನ್ನೋ ಮಾತ್ರ ಹಿಂಡಿದ್ದರೆ ಅಳೆಯಿರಿ. 3.2ರಿಂದ 3.8 ಸರಿಯಾದ ವ್ಯಾಪ್ತಿ. 3.0ರ ಕೆಳಗಿದ್ದರೆ ಯೀಸ್ಟ್ ತಿಣುಕುತ್ತದೆ. ಸಿಹಿ ಸೇಬಿನ ರಸ ಬೆರೆಸುವುದು ಎಲ್ಲಕ್ಕಿಂತ ಸುಲಭದ ಪರಿಹಾರ. ಇಲ್ಲವಾದರೆ ಆಹಾರ ದರ್ಜೆಯ ಪೊಟ್ಯಾಸಿಯಂ ಬೈಕಾರ್ಬೊನೇಟನ್ನು ಲೀಟರಿಗೆ ಅರ್ಧ ಗ್ರಾಂನಂತೆ ಕರಗಿಸಿ ಹಾಕಿ, ಮರುದಿನ ಮತ್ತೆ ಅಳೆಯಿರಿ. 3.8ರ ಮೇಲೆ ಹೋಗಿದ್ದರೆ ಯೀಸ್ಟಿಗೆ ತೊಂದರೆಯಿಲ್ಲ, ಬ್ಯಾಕ್ಟೀರಿಯಾಗಳಿಗೆ ಹಬ್ಬ. ಮ್ಯಾಲಿಕ್ ಆಮ್ಲದಿಂದ ಇಳಿಸಬೇಕು.

ಇನ್ನು ಸಕ್ಕರೆ. ‘ಸ್ವಲ್ಪ ಗಟ್ಟಿಯಾಗಿರಲಿ’ ಎಂದು ಸಕ್ಕರೆ, ಬೆಲ್ಲ, ಜೇನು ಸುರಿದು ಆರಂಭದ ಓದನ್ನು 1.090ಕ್ಕೆ ಏರಿಸಿದವರ ಜಾಡಿ ನಡುದಾರಿಯಲ್ಲಿ ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ. ಯೀಸ್ಟಿಗೆ ಕೆಲಸ ದುಪ್ಪಟ್ಟಾಯಿತು, ಪೋಷಣೆ ಅಷ್ಟೇ ಉಳಿಯಿತು. ಇಂಥ ಜಾಡಿ ಇನ್ನೂ ಆರಂಭದಲ್ಲಿದ್ದರೆ ಸಕ್ಕರೆ ಹಾಕದ ರಸ ಬೆರೆಸಿ ತೆಳುಮಾಡಿ. ನಿಂತ ಜಾಡಿಗೆ ಸಕ್ಕರೆ ಹಾಕಿದರೆ ಮತ್ತೆ ಹುದುಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಅಲ್ಲಿ ತಿನ್ನದೆ ಬಿಟ್ಟ ಸಕ್ಕರೆ ಆಗಲೇ ಇದೆ.

ಹಂತ 8: ಮರುಚಾಲನೆ

ಇಲ್ಲಿಗೆ ಬರುವ ಮುನ್ನ 18–20 ಡಿಗ್ರಿಯಲ್ಲಿ ಒಂದು ವಾರ ಇಟ್ಟು ಅಳೆದಿರಬೇಕು. ಓದು 1.010ರ ಮೇಲೆ ಅಲುಗಾಡದೆ ನಿಂತಿದ್ದರೆ ಮಾತ್ರ ಮುಂದುವರಿಯಿರಿ. ಹೊಸ ಯೀಸ್ಟನ್ನು ಮದ್ಯಸಾರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಒಗ್ಗಿಸುವುದೇ ಇದರ ಗುಟ್ಟು. ಮದ್ಯಸಾರ ತಡೆದುಕೊಳ್ಳುವ ಇಸಿ-1118 ತಳಿ ಸುಲಭವಾಗಿ ಸಿಗುತ್ತದೆ. ಫ್ರಕ್ಟೋಸನ್ನು ಚೆನ್ನಾಗಿ ಬಳಸುವ ಯುವಾಫರ್ಮ್ 43 ಸಿಕ್ಕರೆ ಇನ್ನೂ ಉತ್ತಮ.

1. ನಿಂತ ಸೈಡರನ್ನು ಗಷ್ಟಿನಿಂದ ಬೇರ್ಪಡಿಸಿ, ಚಿಮ್ಮದಂತೆ, ಸೈಫನ್ ತುದಿಯನ್ನು ತಳಕ್ಕೆ ಮುಟ್ಟಿಸಿ ಶುದ್ಧ ಜಾಡಿಗೆ ವರ್ಗಾಯಿಸಿ. ಹಳೆಯ ಗಷ್ಟಿನಲ್ಲಿ ಯೀಸ್ಟಿಗೆ ಅಡ್ಡಿಪಡಿಸುವ ಪದಾರ್ಥಗಳು ಸೇರಿಕೊಂಡಿರುತ್ತವೆ.

2. ಹಂತ 5ರಲ್ಲಿ ಹೇಳಿದಂತೆ 5 ಗ್ರಾಂ ಯೀಸ್ಟ್ ನೆನೆಸಿ. ಒಂದು ದೊಡ್ಡ ಶುದ್ಧ ಜಾಡಿಯಲ್ಲಿ ಸಂರಕ್ಷಕವಿಲ್ಲದ 200 ಮಿಲಿ ಲೀಟರ್ ತಾಜಾ ಸೇಬಿನ ರಸ ತೆಗೆದುಕೊಂಡು, ಒಂದು ಚಿಟಿಕೆ ಪೋಷಕ ಹಾಕಿ, ಚೆನ್ನಾಗಿ ಕುಲುಕಿ ಗಾಳಿ ಸೇರಿಸಿ. ಯೀಸ್ಟನ್ನು ಅದಕ್ಕೆ ಬೆರೆಸಿ ಸಡಿಲವಾಗಿ ಮುಚ್ಚಿ, 20–22 ಡಿಗ್ರಿಯಲ್ಲಿಡಿ.

3. ಅರ್ಧ ದಿನದಲ್ಲಿ ನೊರೆ ಏಳಬೇಕು. ನೊರೆ ಜೋರಾಗಿರುವಾಗಲೇ 250 ಮಿಲಿ ಲೀಟರ್ ನಿಂತ ಸೈಡರ್ ಸೇರಿಸಿ. ನೊರೆ ಇಳಿಯುವವರೆಗೆ ಕಾಯಬಾರದು. ಸಕ್ಕರೆ ಮುಗಿದರೆ ಯೀಸ್ಟ್ ಮತ್ತೆ ಮಲಗುತ್ತದೆ.

4. ಮತ್ತೆ ಚುರುಕಾದ ಮೇಲೆ 500 ಮಿಲಿ ಲೀಟರ್, ಅದೂ ಚುರುಕಾದ ಮೇಲೆ 1 ಲೀಟರ್. ಪ್ರತಿ ಬಾರಿ ಇರುವಷ್ಟೇ ಸೇರಿಸಿ ದುಪ್ಪಟ್ಟು ಮಾಡುವುದು ನಿಯಮ. ಎರಡು ಸೇರಿಕೆಗಳ ನಡುವೆ ಆರರಿಂದ ಹನ್ನೆರಡು ಗಂಟೆ ಹಿಡಿಯುತ್ತದೆ. ಒಂದು ಮೆಟ್ಟಿಲಲ್ಲಿ ಚುರುಕು ಕಾಣದಿದ್ದರೆ ಮುಂದಿನದಕ್ಕೆ ಹೋಗದೆ ಕಾಯಿರಿ.

5. ಕೊನೆಗೆ ಇದಿಷ್ಟನ್ನೂ ಉಳಿದ ಸೈಡರಿಗೆ ಮೆಲ್ಲಗೆ ಸೇರಿಸಿ, ಏರ್‌ಲಾಕ್ ಹಾಕಿ, 20 ಡಿಗ್ರಿಯಲ್ಲಿಟ್ಟು ನಾಲ್ಕು ದಿನದ ಮೇಲೆ ಅಳೆಯಿರಿ.

ಅಪಾಯದ ಸೂಚನೆಗಳು

ನಿಧಾನವಾದ ಜಾಡಿಯಲ್ಲಿ ಮೇಲೆ ತೇಲುವ ಅನಿಲದ ಹೊದಿಕೆ ತೆಳುವಾಗಿರುತ್ತದೆ, ಹಾಗಾಗಿ ಕಣ್ಣು ಮೂಗು ಎರಡನ್ನೂ ಬಳಸಿ. ಮೇಲ್ಮೈಯಲ್ಲಿ ಸುಕ್ಕುಸುಕ್ಕಾದ ಬಿಳಿ ಪೊರೆ ಕಂಡರೆ ಅದು ಗಾಳಿ ನೆಚ್ಚಿ ಬದುಕುವ ಯೀಸ್ಟ್. ಪೊರೆಯ ಕೆಳಗಿನಿಂದ ಸೈಡರನ್ನು ಚಿಕ್ಕ ಜಾಡಿಗೆ, ಕತ್ತಿನ ವರೆಗೆ ತುಂಬುವಂತೆ ವರ್ಗಾಯಿಸಿ, 5 ಲೀಟರಿಗೆ ಒಂದು ಕ್ಯಾಂಪ್ಡೆನ್ ಮಾತ್ರೆ ಹಾಕಿದರೆ ಸಾಮಾನ್ಯವಾಗಿ ಉಳಿಯುತ್ತದೆ. ಹಸಿರು ಅಥವಾ ಕಪ್ಪು ನವಿರಾದ ಬೂಷ್ಟು ಬಂದಿದ್ದರೆ ಚೆಲ್ಲಿಬಿಡಿ. ಉಗುರುಬಣ್ಣ ತೆಗೆಯುವ ದ್ರವದ ವಾಸನೆ, ಮೂಗಿಗೆ ಚುಚ್ಚುವ ವಿನೆಗರ್ ವಾಸನೆ ಬಂದ ಮೇಲೆ ಅದನ್ನು ಹಿಂದಕ್ಕೆ ತರುವ ಉಪಾಯ ಯಾವುದೂ ಇಲ್ಲ. ವಿನೆಗರ್ ಆಗಲು ಬಿಟ್ಟು ಅಡುಗೆಗೆ ಬಳಸಬಹುದು. ಸಣ್ಣ ಮುಚ್ಚಿದ ಕೋಣೆಯಲ್ಲಿ ಹಲವು ಜಾಡಿಗಳಿದ್ದರೆ ಕಿಟಕಿ ತೆರೆದಿರಲಿ, ಇಂಗಾಲದ ಡೈಆಕ್ಸೈಡ್ ನೆಲಮಟ್ಟದಲ್ಲಿ ಶೇಖರವಾಗುತ್ತದೆ.

ಹಂತ 9: ಬಾಟಲಿಗೆ ತುಂಬುವ ಮುನ್ನ

ನಿಧಾನವಾದ ಸೈಡರಿನ ನಿಜವಾದ ಅಪಾಯ ಇರುವುದು ಇಲ್ಲಿ. 1.010ರಲ್ಲಿ ನಿಂತದ್ದನ್ನು ‘ಮುಗಿಯಿತು’ ಎಂದು ಗಾಜಿನ ಬಾಟಲಿಗೆ ತುಂಬಿ, ಬೇಸಿಗೆ ಬಂದಾಗ ಕೋಣೆ ಬಿಸಿಯಾಗಿ, ಒಳಗೆ ಮಲಗಿದ್ದ ಯೀಸ್ಟ್ ಎದ್ದರೆ ಬಾಟಲಿ ಸಿಡಿಯುತ್ತದೆ. 1.010ರಿಂದ 1.000ಕ್ಕೆ ಇಳಿಯುವಾಗ ಲೀಟರಿಗೆ ಸುಮಾರು 25 ಗ್ರಾಂ ಸಕ್ಕರೆ ಖರ್ಚಾಗುತ್ತದೆ. ಅದರಿಂದ ಹುಟ್ಟುವ ಅನಿಲ ದಪ್ಪ ಗಾಜಿನ ಷಾಂಪೇನ್ ಬಾಟಲಿಯಲ್ಲಿರುವಷ್ಟು. ಸಾಧಾರಣ ಬಾಟಲಿ ಅದನ್ನು ತಡೆಯುವುದಿಲ್ಲ. ಚೂರುಗಳು ಕಣ್ಣಿಗೆ ಹಾರುವಷ್ಟು ಬಿರುಸು ಅದಕ್ಕಿದೆ.

ಆದ್ದರಿಂದ 18 ಡಿಗ್ರಿಯ ಮೇಲೆ, ಒಂದೊಂದು ವಾರದ ಅಂತರದ ಮೂರು ಓದುಗಳು ಒಂದೇ ಆಗಿರಬೇಕು, ಮತ್ತು ಆ ಓದು 1.002ರ ಕೆಳಗಿರಬೇಕು. ಸಿಹಿ ಉಳಿಸಲು ಹುದುಗುತ್ತಿರುವ ಸೈಡರಿಗೆ ಸಾರ್ಬೇಟ್ ಹಾಕುವವರಿದ್ದಾರೆ. ಸಾರ್ಬೇಟ್ ಯೀಸ್ಟ್ ಹೊಸದಾಗಿ ಬೆಳೆಯುವುದನ್ನು ತಡೆಯುತ್ತದೆಯೇ ಹೊರತು ಆಗಲೇ ಚುರುಕಾಗಿರುವ ಯೀಸ್ಟನ್ನು ನಿಲ್ಲಿಸುವುದಿಲ್ಲ. ಸಿಹಿ ಬೇಕಾದರೆ ಲೋಟಕ್ಕೆ ಬಗ್ಗಿಸುವಾಗ ಸ್ವಲ್ಪ ಸೇಬಿನ ರಸ ಬೆರೆಸಿಕೊಳ್ಳಿ.

ಓದು ಮೇಲೆಯೇ ನಿಂತು ಮರುಚಾಲನೆಗೂ ಬಗ್ಗದಿದ್ದರೆ ಬಾಟಲಿಯ ಗೊಡವೆ ಬಿಟ್ಟು, ಕೆಗ್‌ನಲ್ಲೋ (ಒತ್ತಡ ತಡೆಯುವ ಲೋಹದ ಪೀಪಾಯಿ) ಅನಿಲ ಬಿಡಿಸುತ್ತಿರಬಹುದಾದ ಪ್ಲಾಸ್ಟಿಕ್ ಬಾಟಲಿಯಲ್ಲೋ ಫ್ರಿಜ್‌ನಲ್ಲಿಟ್ಟು ಬೇಗ ಕುಡಿದು ಮುಗಿಸಿ. ಎಲ್ಲ ಸರಿಯಿದ್ದು ಗಾಜಿಗೆ ತುಂಬುವಾಗಲೂ ಒಂದು ಬಾಟಲಿಯಷ್ಟನ್ನು ಸೋಡಾದ ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಅವುಗಳ ಜೊತೆಯಲ್ಲೇ ಇಡಿ. ವಾರಕ್ಕೊಮ್ಮೆ ಅದನ್ನು ಕೈಯಿಂದ ಅಮುಕಿ ನೋಡಿ. ಕಲ್ಲಿನಂತೆ ಬಿಗಿದಿದ್ದರೆ ಕನ್ನಡಕ, ದಪ್ಪ ಕೈಗವಸು ಹಾಕಿಕೊಂಡು ಗಾಜಿನ ಬಾಟಲಿಗಳನ್ನೆಲ್ಲ ಅಂದೇ ಫ್ರಿಜ್‌ಗೆ ಸೇರಿಸಿ, ಪೂರ್ತಿ ತಣ್ಣಗಾದ ಮೇಲೆ ಒಂದೊಂದಾಗಿ, ಮುಚ್ಚಳದ ಮೇಲೆ ಬಟ್ಟೆ ಹಾಕಿ, ತೆರೆಯಿರಿ.